ಸ್ವಧರ್ಮವೂ ಜಲವರ್ಣವೂ

ಒಂದು ಕಲೆಯಲ್ಲಿ ಸಿದ್ಧಿಯನ್ನು ಪಡೆದವನು, ಸಿದ್ಧಿಯಿಲ್ಲದ ಇನ್ನೊಂದು ಕಲೆಗೆ ತನ್ನ ಆಯುಸ್ಸನ್ನು ವ್ಯಯಿಸುವುದು ಧರ್ಮವೇ? ಅದೂ ಲೋಕವೆಲ್ಲ ಉರಿಯುತ್ತಿರುವಾಗ? ಜರ್ಮನ್ ಕಾದಂಬರಿಕಾರನಾದ ಹರ್ಮನ್ ಹೆಸ್ಸೆಯ (1877–1962) ಜೀವಿತವು ಈ ಪ್ರಶ್ನೆಯನ್ನು ಮುಂದಿಡುತ್ತದೆ.

ಶಬ್ದವೇ ಆತನ ಮನೆತನದ ಆಸ್ತಿ. ಮಲಯಾಳ ಭಾಷೆಗೆ ವ್ಯಾಕರಣವನ್ನೂ 1872ರಲ್ಲಿ ನಿಘಂಟನ್ನೂ ಒದಗಿಸಿದ ಬಾಸೆಲ್ ಮಿಶನ್ನಿನ ಗುಂಡರ್ಟರು ಆತನ ತಾಯಿಯ ತಂದೆ. ಆ ತಾಯಿ ಜನಿಸಿದ್ದು ತಲಚೇರಿಯಲ್ಲಿ. (1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರು ಈ ಗುಂಡರ್ಟರ ಮಿತ್ರರೇ.) ಇಂತಹ ಕುಲದಲ್ಲಿ ಹುಟ್ಟಿದವನು ನಲ್ವತ್ತರ ಹೊಸ್ತಿಲಿನಲ್ಲಿ ಕುಂಚವನ್ನು ಹಿಡಿದನು.

ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. 1914ರಲ್ಲಿ ಮಹಾಯುದ್ಧವು ಮೊದಲಾದಾಗ ಕವಿಗಳೂ ಪಂಡಿತರೂ ದ್ವೇಷವನ್ನು ಬೋಧಿಸತೊಡಗಿದರು. ಅದು ಸಲ್ಲದೆಂದು ಹೆಸ್ಸೆಯು ಅದೇ ವರ್ಷ ಸ್ವಿಸ್ ಪತ್ರಿಕೆಯೊಂದರಲ್ಲಿ ಬರೆದು, ಸ್ವದೇಶದ ಪತ್ರಿಕೆಗಳಿಂದ ದ್ರೋಹಿಯೆನಿಸಿಕೊಂಡನು. ಬೆರ್ನ್ ನಗರದಲ್ಲಿದ್ದು ಯುದ್ಧಕೈದಿಗಳಿಗೆ ಪುಸ್ತಕಗಳನ್ನು ಕಳುಹಿಸುವ ಕಾರ್ಯದಲ್ಲಿ ತೊಡಗಿದನು. 1916ರಲ್ಲಿ ತಂದೆಯು ತೀರಿಕೊಂಡನು, ಮಗನಿಗೆ ಕಾಯಿಲೆ, ಹೆಂಡತಿಯ ಚಿತ್ತಸ್ವಾಸ್ಥ್ಯವೂ ಕೆಡುತ್ತ ಬಂದಿತು. ಮನಸ್ಸು ಕುಸಿದು ವೈದ್ಯರ ಬಳಿಗೆ ಹೋದ ಆ ದಿನಗಳಲ್ಲಿಯೇ ಬಣ್ಣಗಳು ಕೈಗೆ ಬಂದವು. 1919ರಲ್ಲಿ ಸ್ವಿಟ್ಜರ್ಲೆಂಡಿನ ತೆಂಕಣ ಸೀಮೆಯ ಮೊಂತಾನ್ಯೋಲ ಗ್ರಾಮಕ್ಕೆ ಬಂದು ನೆಲಸಿ, ಅಲ್ಲಿಯ ಬೆಟ್ಟ, ಸರೋವರ, ದ್ರಾಕ್ಷಿತೋಟಗಳನ್ನು ಜೀವಮಾನವಿಡೀ ಚಿತ್ರಿಸಿದನು.

ಆ ಚಿತ್ರಗಳಲ್ಲಿ ಮನುಷ್ಯರು ಕಾಣುವುದು ಅಪೂರ್ವ. ಕಾದಂಬರಿಯಾದರೋ ಮನುಷ್ಯರ ಗುಣದೋಷಗಳ ವಿಚಾರಣೆ. ಬೆಟ್ಟದ ಮೇಲೆ ಯಾವ ತೀರ್ಪನ್ನು ಕೊಡುವುದು? ಮೇಲಾಗಿ, ಜಲವರ್ಣದಲ್ಲಿ ಬೆಳಕೆಂಬುದು ಬಹುಮಟ್ಟಿಗೆ ಬಳಿದ ಬಣ್ಣವಲ್ಲ, ಬಳಿಯದೆ ಉಳಿಸಿದ ಕಾಗದದ ಬಿಳುಪು. ಎಲ್ಲವನ್ನೂ ಹೇಳಿ ತೀರಿಸುವ ಅಭ್ಯಾಸವುಳ್ಳವನಿಗೆ ಇದು ಸುಲಭದ ಪಾಠವಲ್ಲ.

ಇದು ಪಲಾಯನವೆಂಬ ಆಕ್ಷೇಪವು ಏಳುವುದು ಸಹಜ. ಪದ್ಯಗಳನ್ನು ತನ್ನ ಕೈಯಿಂದಲೇ ಬರೆದು, ಚಿತ್ರಗಳಿಂದ ಅಲಂಕರಿಸಿ, ಆ ಪ್ರತಿಗಳನ್ನು ಮಾರಿ ಆತನು ಕೈದಿಗಳಿಗೆ ನೆರವಾದನೆಂಬುದು ಒಂದು ಸಮಾಧಾನ. ಅದು ಸಾಲದು. ದಾನಕ್ಕೆ ಸಂದಿತೆಂಬ ಮಾತ್ರಕ್ಕೆ ಪಲಾಯನವು ಕರ್ತವ್ಯವಾಗಲಾರದು. ಪರಧರ್ಮವು ಭಯಾವಹವೆನ್ನುವ ಗೀತೆಯ ಅಳತೆಗೋಲನ್ನೇ ಇಲ್ಲಿ ಹಿಡಿಯಬೇಕು. ಅರ್ಜುನನು ಬಿಲ್ಲನ್ನು ಕೆಳಗಿಟ್ಟದ್ದು ಒಂದು ಬಾಣವನ್ನೂ ಬಿಡುವುದಕ್ಕೆ ಮೊದಲು. ಹೆಸ್ಸೆಯಾದರೋ ಆಡಬೇಕಾದ ಮಾತನ್ನು, ಆಡಬೇಕಾದ ಕಾಲದಲ್ಲಿ, ನಿಂದೆಯನ್ನು ಸಹಿಸಿ ಆಡಿದ ಮೇಲೆ ಮೌನದ ಕಲೆಗೆ ತಿರುಗಿದನು. ಮಾತನ್ನು ನುಂಗಿಕೊಂಡು ಬೆಟ್ಟಗಳನ್ನು ಬರೆದಿದ್ದರೆ ಆಕ್ಷೇಪವು ನಿಲ್ಲುತ್ತಿತ್ತು.

ಲೇಖನಿಯೂ ಸುಮ್ಮನಾಗಲಿಲ್ಲ. 1922ರಲ್ಲಿ ಪ್ರಕಟವಾದ ‘ಸಿದ್ಧಾರ್ಥ’ದ ನಾಯಕನು ಕಡೆಗೆ ಕಲಿಯುವುದು ಗುರುಗಳ ಉಪದೇಶದಿಂದಲ್ಲ, ಹರಿಯುವ ನದಿಯ ಬಳಿ ಕುಳಿತು. ಕುಂಚವನ್ನು ಹಿಡಿಯದ ಹೆಸ್ಸೆಯು ಆ ನದೀತೀರವನ್ನು ಮುಟ್ಟುತ್ತಿದ್ದನೆಂದು ನಂಬುವುದು ಕಷ್ಟ.