ತೂಗುವವನ ಧರ್ಮ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬುದು ನಮ್ಮವರ ಗಾದೆ. ಎಳೆಯರ ನಡೆನುಡಿಗಳನ್ನು ನೋಡಿ ಅವರ ಮುಂದಿನ ಬಾಳನ್ನು ಹೇಳಹೊರಡುವವರೆಲ್ಲರೂ ಈ ಮಾತನ್ನೇ ಆಧಾರವಾಗಿ ಹಿಡಿಯುತ್ತಾರೆ. ಆದರೆ ಗಾದೆಯು ಒಂದು ಮುಖ್ಯವಾದ ಪ್ರಶ್ನೆಗೆ ಉತ್ತರಕೊಡದೆ ಜಾರಿಕೊಳ್ಳುತ್ತದೆ. ಸಿರಿಯು ಮೊಳಕೆಯಲ್ಲಿ ಇದ್ದರೂ ಇರಬಹುದು. ಅದನ್ನು ಕಾಣುವ ಕಣ್ಣು ಯಾರಿಗುಂಟು? ಕಾಣದೆಯೇ ಕಂಡೆನೆಂದು ತೀರ್ಪುಕೊಟ್ಟವನಿಗೆ, ಆ ತೀರ್ಪಿಗೆ ಒಳಗಾದವನ ವಿಷಯದಲ್ಲಿ, ಯಾವ ಹೊಣೆಯುಂಟು? ಈ ಪ್ರಶ್ನೆಯ ವಿಚಾರಕ್ಕಾಗಿ ದೂರದೇಶದ ಆಟವೊಂದನ್ನು ನಿದರ್ಶನವಾಗಿ ತೆಗೆದುಕೊಳ್ಳುವೆವು. ಆಟದ ಮಾತೆಂದು ವಾಚಕರು ಇದನ್ನು ಹಗುರವಾಗಿ ಭಾವಿಸಬಾರದು. ಮನುಷ್ಯನು ಮನುಷ್ಯನನ್ನು ತೂಗುವ ಕೆಲಸವು ಇಷ್ಟು ಬಹಿರಂಗವಾಗಿ, ಇಷ್ಟು ಸಾಧನಸಾಮಗ್ರಿಯೊಡನೆ, ಇಷ್ಟು ಹಣವನ್ನು ಪಣವೊಡ್ಡಿ ನಡೆಯುವ ಸ್ಥಳಗಳು ಲೋಕದಲ್ಲಿ ವಿರಳ.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಿಂದ ಎಸೆದು, ಹಿಡಿದು, ಹೊತ್ತು ಓಡಿ, ಎದುರಾಳಿಯ ಗಡಿಯನ್ನು ದಾಟಿಸುವ ಆಟ. ಅಲ್ಲಿಯ ವೃತ್ತಿಪರ ಸಂಘವಾದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಕಾಲೇಜುಗಳಲ್ಲಿ ಆಡಿ ಹೆಸರಾದ ತರುಣರನ್ನು ಈ ತಂಡಗಳು ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳ ಕೊನೆಯಲ್ಲಿ, ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. 1936ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಮೊದಲಾದ ಈ ಪದ್ಧತಿಯ ಮೂಲಸೂತ್ರವು ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಎಂಬುದು. ದುರ್ಬಲರಿಗೆ ಬಲಕೊಡುವ ಉದ್ದೇಶ ಒಳ್ಳೆಯದೇ. ಆದರೆ ತನ್ನ ತಂಡವನ್ನು ತಾನೇ ಆರಿಸುವ ಸ್ವಾತಂತ್ರ್ಯ ತರುಣನಿಗಿಲ್ಲ. 2011ರ ಒಪ್ಪಂದದ ತರುವಾಯ ಅವನ ಮೊದಲ ವರ್ಷಗಳ ವೇತನವೂ ಬಹುಮಟ್ಟಿಗೆ ಆಯ್ಕೆಯ ಕ್ರಮಸಂಖ್ಯೆಯಿಂದಲೇ ನಿಶ್ಚಯವಾಗುತ್ತದೆ. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನ ಹುಡುಗನ ಜೀವನವು ಹೀಗೆ ಇತರರ ಊಹೆಯ ಮೇಲೆ ನಿಂತಿರುತ್ತದೆ.

ಈ ಆಟಗಾರರಲ್ಲಿ ‘ವೈಡ್ ರಿಸೀವರ್’ ಎಂಬವನೊಬ್ಬನುಂಟು. ಅಂಗಳದ ಅಂಚಿನ ಕಡೆಗೆ ನಿಂತು, ಸಂಜ್ಞೆಯಾದೊಡನೆ ಮುಂದಕ್ಕೆ ಧಾವಿಸಿ, ತನ್ನನ್ನು ಕಾಯುವ ಎದುರಾಳಿಯನ್ನು ವಂಚಿಸಿ, ಕ್ವಾರ್ಟರ್‌ಬ್ಯಾಕ್ ಎಂಬ ನಾಯಕನು ಎಸೆದ ಚೆಂಡನ್ನು ಹಿಡಿಯುವುದು ಇವನ ಕೆಲಸ. ಇವನ ಯೋಗ್ಯತೆಯನ್ನು ನಿರ್ಣಯಿಸುವುದು ಬಹು ಕಷ್ಟ. ಏಕೆಂದರೆ ಇವನ ಸಾಧನೆಯು ಇವನೊಬ್ಬನದಲ್ಲ. ಎಸೆಯುವವನು ಚೆನ್ನಾಗಿ ಎಸೆಯಬೇಕು, ಎಸೆಯುವವನನ್ನು ಕಾಯುವವರು ಕ್ಷಣಕಾಲ ತಡೆದು ನಿಲ್ಲಬೇಕು, ಶಿಕ್ಷಕನು ಹಾಕಿಕೊಟ್ಟ ವ್ಯೂಹವು ಇವನಿಗೆ ಒಗ್ಗಬೇಕು. ಇಷ್ಟೆಲ್ಲವೂ ಕೂಡಿದಾಗ ಚೆಂಡು ಕೈಗೆ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇವನೊಬ್ಬನ ಹೆಸರಿನ ಮುಂದೆ ಅಂಕೆ ಬೀಳುತ್ತದೆ.

ಸಂದೇಹವಿದ್ದಲ್ಲಿ ಮನುಷ್ಯನು ಅಳತೆಗೋಲನ್ನು ಹುಡುಕುವುದು ಸಹಜ. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ಡ್ರಾಫ್ಟಿಗೆ ಮುಂಚೆ ದೊಡ್ಡದೊಂದು ಪರೀಕ್ಷೆ ನಡೆಯುತ್ತ ಬಂದಿದೆ. ಅಲ್ಲಿ ತರುಣರ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ, ನಿಂತಲ್ಲಿಂದ ಹಾರುವ ಎತ್ತರ ಎಲ್ಲವನ್ನೂ ಅಳೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ 40 ಗಜದ ಓಟಕ್ಕೆ. 2017ರಲ್ಲಿ ಜಾನ್ ರಾಸ್ ಎಂಬ ತರುಣನು ಆ ದೂರವನ್ನು 4.22 ಸೆಕೆಂಡಿನಲ್ಲಿ ಓಡಿದನು. 2024ರಲ್ಲಿ ಜೇವಿಯರ್ ವರ್ದಿ 4.21ರಲ್ಲಿ ಓಡುವವರೆಗೆ ಅದೇ ಆ ಪರೀಕ್ಷೆಯ ದಾಖಲೆಯಾಗಿತ್ತು. ಸಿನ್ಸಿನಾಟಿಯ ತಂಡವು ರಾಸನನ್ನು 9ನೆಯವನಾಗಿ ಆರಿಸಿತು. ಮೊದಲ ವರ್ಷ ಅವನು ಒಂದು ಚೆಂಡನ್ನೂ ಹಿಡಿಯಲಿಲ್ಲ. ಗಾಯಗಳೂ ಅವನನ್ನು ಬಿಡಲಿಲ್ಲ. ಅದೇ ವರ್ಷ ಅದೇ ಪರೀಕ್ಷೆಯಲ್ಲಿ ಕೂಪರ್ ಕಪ್ ಎಂಬವನು ಅದೇ ದೂರಕ್ಕೆ 4.62 ಸೆಕೆಂಡು ತೆಗೆದುಕೊಂಡಿದ್ದನು. ಈಸ್ಟರ್ನ್ ವಾಷಿಂಗ್ಟನ್ ಎಂಬ, ಎರಡನೆಯ ದರ್ಜೆಯ ಪಂದ್ಯಗಳನ್ನಾಡುವ ವಿದ್ಯಾಲಯದಿಂದ ಬಂದ ಇವನನ್ನು ಆರಿಸುವ ಹೊತ್ತಿಗೆ 68 ಮಂದಿಯ ಆಯ್ಕೆ ಮುಗಿದಿತ್ತು. 2021ರ ಸಾಲಿನಲ್ಲಿ ಇವನು 145 ಚೆಂಡುಗಳನ್ನು ಹಿಡಿದು 1,947 ಗಜಗಳನ್ನು ಗಳಿಸಿ, ತನ್ನ ತಂಡವು ಗೆದ್ದ ಅಂತಿಮ ಪಂದ್ಯದಲ್ಲಿ ಶ್ರೇಷ್ಠ ಆಟಗಾರನೆನಿಸಿದನು.

ಇಲ್ಲಿ ನಮ್ಮ ನೈಯಾಯಿಕರ ಮಾತು ನೆನಪಿಗೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬ ಅನುಮಾನ ನಿರ್ದುಷ್ಟವಾದುದು. ಅದನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎಂದರೆ ತಪ್ಪಾಗುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಯ ಸೌದೆಯ ಸಂಬಂಧ ಬೇಕು. ಇದನ್ನು ಉಪಾಧಿ ಎನ್ನುತ್ತಾರೆ. ಓಟದ ವೇಗವನ್ನು ಕಂಡು ಆಟದ ಸಿದ್ಧಿಯನ್ನು ಊಹಿಸುವವನು ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಿದವನೇ ಸರಿ. ಪರೀಕ್ಷೆಯ ದಿನ ಎದುರಾಳಿಯಿಲ್ಲ, ಮೈಮೇಲೆ ಕವಚವಿಲ್ಲ. ಪಂದ್ಯದ ದಿನ ಮೊದಲ ಐದು ಗಜಗಳಲ್ಲಿ ಎದುರಾಳಿಯು ಕೈಯಿಂದ ತಳ್ಳಿ ತಡೆಯಬಹುದು. ಅವನನ್ನು ತಪ್ಪಿಸಿಕೊಳ್ಳುವ ಹೆಜ್ಜೆಯ ಜಾಣತನ, ಓಡುತ್ತಲೇ ಎದುರು ವ್ಯೂಹವನ್ನು ಓದುವ ಬುದ್ಧಿ, ಏಟು ಬೀಳುವುದೆಂದು ತಿಳಿದೂ ಚೆಂಡಿನಿಂದ ಕಣ್ಣು ಕೀಳದ ಧೈರ್ಯ—ಇವೇ ಇಲ್ಲಿಯ ಹಸಿಯ ಸೌದೆ. ಇವನ್ನು ಅಳೆಯುವ ಗಡಿಯಾರವು ಇನ್ನೂ ಹುಟ್ಟಿಲ್ಲ.

ಹಾಗಾದರೆ ಕಾಲೇಜಿನ ಆಟವನ್ನೇ ಪ್ರಮಾಣವಾಗಿಟ್ಟುಕೊಳ್ಳಬಾರದೇ ಎಂದು ಕೇಳಬಹುದು. ಇದು ಓಟದ ಪರೀಕ್ಷೆಗಿಂತ ಉತ್ತಮವಾದ ಪ್ರಮಾಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಉಪಾಧಿಯು ಇಲ್ಲಿಯೂ ಬೆನ್ನು ಬಿಡುವುದಿಲ್ಲ. ಜಸ್ಟಿನ್ ಜೆಫರ್ಸನ್ ಎಂಬವನು 2019ರಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ 111 ಚೆಂಡುಗಳನ್ನು ಹಿಡಿದನು. ಆದರೆ ಅವನಿಗೆ ಎಸೆದವನು ಮರುವರ್ಷದ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೋ ಬರೋ. ಜೊತೆಯಲ್ಲಿ ಹಿಡಿಯುತ್ತಿದ್ದವನು 2021ರಲ್ಲಿ 5ನೆಯವನಾಗಿ ಆಯ್ಕೆಯಾದ ಜಮಾರ್ ಚೇಸ್. ಅಂಕೆಗಳು ಜೆಫರ್ಸನನವೋ, ಜೊತೆಗಾರರವೋ? ಹೆಚ್ಚಾಗಿ ಅಂಗಳದ ಒಳಭಾಗದಲ್ಲಿ ನಿಂತು ಆಡಿದವನು ಅಂಚಿನಲ್ಲಿ ಆಡಬಲ್ಲನೋ? ಹೀಗೆ ಪರೀಕ್ಷಕರು ಶಂಕಿಸಿದರು. 2020ರಲ್ಲಿ ನಾಲ್ವರು ರಿಸೀವರುಗಳು ಮುಂದೆ ಹೋದ ಮೇಲೆ, 22ನೆಯವನಾಗಿ ಮಿನ್ನೆಸೋಟಾ ತಂಡವು ಅವನನ್ನು ತೆಗೆದುಕೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2022ರ ಸಾಲಿನಲ್ಲಿ, 1,809 ಗಜಗಳನ್ನು ಗಳಿಸಿ ಅವನು ಸಂಘಕ್ಕೆಲ್ಲ ಅಗ್ರಗಣ್ಯನಾದನು. ಪರೀಕ್ಷಕರು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಶಂಕೆಯನ್ನೇ ಉತ್ತರವೆಂದು ಬಗೆದದ್ದು ಮಾತ್ರ ತಪ್ಪು.

ಈಗ ಪೂರ್ವಪಕ್ಷವೊಂದು ಏಳುತ್ತದೆ. ‘ಇಷ್ಟು ಅನಿಶ್ಚಿತವಾದ ಮೇಲೆ ಪರೀಕ್ಷೆಯೆಲ್ಲವೂ ವ್ಯರ್ಥ, ಚೀಟಿಯೆತ್ತಿ ಹಂಚಿಬಿಡುವುದೇ ಮೇಲು’ ಎಂದು. ಇದಕ್ಕೆ ಬೆಂಬಲವೂ ಇಲ್ಲದಿಲ್ಲ. ಕೇಡ್ ಮ್ಯಾಸಿ, ರಿಚರ್ಡ್ ಥೇಲರ್ ಎಂಬ ಪಂಡಿತರು ಈ ಡ್ರಾಫ್ಟನ್ನೇ ಆಧಾರವಾಗಿಟ್ಟುಕೊಂಡು 2013ರಲ್ಲಿ ಪ್ರಕಟಿಸಿದ ಶೋಧಪ್ರಬಂಧವೊಂದರ ಪ್ರಕಾರ, ಒಂದೇ ಸ್ಥಾನದ ಆಟಗಾರರಲ್ಲಿ ಮೊದಲು ಆಯ್ದವನು ಅವನ ಹಿಂದೆಯೇ ಆಯ್ದವನಿಗಿಂತ ಉತ್ತಮನಾಗುವ ಸಂಭವವು ನೂರಕ್ಕೆ 52 ಮಾತ್ರ. ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ 50 ಬರುತ್ತದಷ್ಟೆ! ಆದರೆ ಈ ಮಾತಿನ ಮಿತಿಯನ್ನರಿಯಬೇಕು. ಇದು ಹತ್ತಿರಹತ್ತಿರದ ಇಬ್ಬರನ್ನು ಕುರಿತದ್ದು. ಮೊದಲನೆಯವನಿಗೂ ಕೊನೆಯವನಿಗೂ ಭೇದವಿಲ್ಲವೆಂದು ಹೇಳಿದಂತಲ್ಲ. 2007ರಲ್ಲಿ 2ನೆಯವನಾಗಿ ಆಯ್ಕೆಯಾದ ಕ್ಯಾಲ್ವಿನ್ ಜಾನ್ಸನನು 2012ರಲ್ಲಿ 1,964 ಗಜಗಳನ್ನು ಗಳಿಸಿ ಪರೀಕ್ಷಕರ ನಂಬಿಕೆಯನ್ನು ಉಳಿಸಿದನು. ಆದುದರಿಂದ ಪರೀಕ್ಷಕನು ಕುರುಡನಲ್ಲ, ಮಬ್ಬುಗಣ್ಣಿನವನು. ಮಬ್ಬುಗಣ್ಣಿನವನು ನಡೆಯಬಾರದೆಂದಿಲ್ಲ, ತನಗೆ ಹದ್ದಿನ ಕಣ್ಣುಂಟೆಂದು ಓಡಬಾರದು. ಆ ಪಂಡಿತರು ಹೇಳಿದ ಮುಖ್ಯವಾದ ಮಾತೂ ಇದೇ: ತಂಡಗಳು ತಮ್ಮ ವಿವೇಚನೆಯಲ್ಲಿ ಅತಿಯಾದ ವಿಶ್ವಾಸವಿಟ್ಟು ಮೊದಲ ಆಯ್ಕೆಗಳಿಗೆ ಅವುಗಳ ಬೆಲೆಗಿಂತ ಹೆಚ್ಚನ್ನು ತೆರುತ್ತವೆ.

ಇನ್ನು ಶೀಲದ ವಿಚಾರ. ಕೋಟಿಗಟ್ಟಲೆ ಹಣ ಕೊಡುವವನು ತಾನು ಕೊಡುವುದು ಎಂತಹವನಿಗೆ ಎಂದು ವಿಚಾರಿಸಬಾರದೇ? ವಿಚಾರಿಸಬಹುದು, ಶಂಕೆ ನಿಜವಾದ ಪ್ರಸಂಗಗಳೂ ಉಂಟು. ಆದರೆ ರ್‍ಯಾಂಡಿ ಮಾಸನನ್ನು ನೋಡಿರಿ. ತಾರುಣ್ಯದ ತಪ್ಪುಗಳಿಂದ ಎರಡು ಪ್ರಸಿದ್ಧ ವಿಶ್ವವಿದ್ಯಾಲಯಗಳ ಬಾಗಿಲು ಅವನಿಗೆ ಮುಚ್ಚಿಹೋಗಿದ್ದವು. 1998ರಲ್ಲಿ 20 ಆಯ್ಕೆಗಳು ಅವನನ್ನು ಬಿಟ್ಟು ನಡೆದವು. 21ನೆಯವನಾಗಿ ಹೋದ ಅವನು ಆ ವರ್ಷವೇ 17 ಬಾರಿ ಚೆಂಡನ್ನು ಗಡಿಯಾಚೆ ಹಿಡಿದು ಹೊಸ ಆಟಗಾರರ ದಾಖಲೆಯನ್ನು ಸ್ಥಾಪಿಸಿದನು. ಇದಕ್ಕಿಂತ ಮನಸ್ಸಿಗೆ ನಾಟುವ ಸಂಗತಿ 2010ರದು. ಡೆಜ್ ಬ್ರಯಂಟ್ ಎಂಬ ತರುಣನನ್ನು ಸಂದರ್ಶನಕ್ಕೆ ಕರೆದಾಗ ತಂಡವೊಂದರ ಅಧಿಕಾರಿಯು ಅವನ ತಾಯಿಯ ಶೀಲವನ್ನು ಕುರಿತೇ ಪ್ರಶ್ನಿಸಿದನು. ವಿಷಯ ಹೊರಬಿದ್ದ ಮೇಲೆ ಆತನು ಕ್ಷಮೆಯನ್ನೂ ಬೇಡಿದನು. ಉದ್ಯೋಗವನ್ನು ಬೇಡಿ ಬಂದ ಮಗನು ಅಂತಹ ಮಾತಿಗೆ ಏನು ಮಾಡಿಯಾನು? ಸಿಟ್ಟಾದರೆ ಶೀಘ್ರಕೋಪಿಯೆಂದು ಬರೆದುಕೊಳ್ಳುತ್ತಾರೆ. ಸುಮ್ಮನಿದ್ದರೆ ಅಭಿಮಾನವನ್ನು ನುಂಗಬೇಕು. 2022ರಲ್ಲಿ ಸಂಘವು ಅನುಚಿತವಾದ ಪ್ರಶ್ನೆಗಳನ್ನು ಕೇಳುವ ತಂಡಕ್ಕೆ ದಂಡ ವಿಧಿಸುವುದಾಗಿಯೂ ಆಯ್ಕೆಯ ಹಕ್ಕನ್ನು ಕಿತ್ತುಕೊಳ್ಳುವುದಾಗಿಯೂ ಎಚ್ಚರಿಸಿತು. ಒಳ್ಳೆಯದಾಯಿತು. ಆದರೆ ದಂಡದ ಭಯವಿಲ್ಲದಿದ್ದಾಗಲೂ ಉಳಿಯಬೇಕಾದ ಮೇರೆಯೊಂದುಂಟು. ಕೆಲಸಕ್ಕೆ ಬೇಕಾದುದನ್ನು ಅರಿಯುವ ಅಧಿಕಾರ ಪರೀಕ್ಷಕನಿಗಿದೆ. ಮನುಷ್ಯನನ್ನು ಬೆತ್ತಲೆಮಾಡಿ ನೋಡುವ ಅಧಿಕಾರವಿಲ್ಲ.

ಕೊನೆಯದಾಗಿ, ಬಹುಮಂದಿ ಮರೆಯುವ ಸಂಗತಿಯೊಂದಿದೆ. ಪಂಚಾಂಗವನ್ನು ನೋಡಿ ಗ್ರಹಣವನ್ನು ಹೇಳಿದವನ ಮಾತಿನಿಂದ ಗ್ರಹಣವು ಹಿಂದುಮುಂದಾಗದು. ಮನುಷ್ಯರನ್ನು ಕುರಿತ ಭವಿಷ್ಯವು ಹಾಗಲ್ಲ. ಹೇಳಿದವನ ಮಾತೇ ಫಲದ ಕಾರಣಗಳಲ್ಲಿ ಒಂದಾಗುತ್ತದೆ. ಮೊದಲ ಸುತ್ತಿನಲ್ಲಿ ಆಯ್ದವನು ತಪ್ಪಿದರೆ, ಕೊಟ್ಟ ಬೆಲೆಯ ಮೇಲಣ ಮೋಹದಿಂದ, ಅವನಿಗೆ ಇನ್ನೊಂದು ಅವಕಾಶ ದೊರೆಯುತ್ತದೆ. ಕೊನೆಯ ಸುತ್ತುಗಳವನು ತಪ್ಪಿದರೆ ಮನೆಗೆ ನಡೆಯಬೇಕು. 2023ರಲ್ಲಿ 177ನೆಯವನಾಗಿ ಆಯ್ಕೆಯಾದ ಪೂಕಾ ನಕುವಾ ಆ ವರ್ಷವೇ 1,486 ಗಜಗಳನ್ನು ಗಳಿಸಿ ಹೊಸ ಆಟಗಾರರಲ್ಲಿ ಯಾರೂ ಮಾಡದುದನ್ನು ಮಾಡಿದನು. ಅವನನ್ನು ನಾವು ಬಲ್ಲೆವು, ಏಕೆಂದರೆ ಅವನಿಗೆ ಅವಕಾಶ ದೊರೆಯಿತು. ದೊರೆಯದೆ ಹೋದವರನ್ನು ಯಾರೂ ಅರಿಯರು. ಅವರ ವಿಷಯದಲ್ಲಿ ಪರೀಕ್ಷಕನ ತಪ್ಪು ಎಂದೆಂದಿಗೂ ಸರಿಯಾಗಿಯೇ ಕಾಣುತ್ತಿರುತ್ತದೆ. ತನ್ನ ತೀರ್ಪೇ ತನಗೆ ಸಾಕ್ಷಿಯನ್ನು ಹುಟ್ಟಿಸಿಕೊಡುವ ಸ್ಥಾನದಲ್ಲಿ ಕುಳಿತವನಿಗೆ ವಿನಯವು ಅಲಂಕಾರವಲ್ಲ, ಕರ್ತವ್ಯ.

ಆದಕಾರಣ ತೂಗುವವನ ಧರ್ಮವನ್ನು ಹೀಗೆ ಸಂಗ್ರಹಿಸಬಹುದು. ಅಳತೆಯನ್ನು ಬಿಡಬಾರದು, ಅದು ಎಲ್ಲಿಯವರೆಗೆ ಸಾಕ್ಷಿಯೋ ಅಲ್ಲಿಯವರೆಗೆ ಮಾತ್ರ ನಂಬಬೇಕು. ತನ್ನ ಶಂಕೆಯನ್ನು ಎದುರಿನವನ ದೋಷವೆಂದು ಬರೆಯಬಾರದು. ಕೆಲಸಕ್ಕೆ ಬೇಡದುದನ್ನು ಕೆದಕಬಾರದು. ಆರಿಸಿದ ಮೇಲೆ, ಮುಂದಿನವನಿಗೂ ಹಿಂದಿನವನಿಗೂ ಒಂದೇ ಅಂಗಳದಲ್ಲಿ ಮತ್ತೊಮ್ಮೆ ನಿಂತು ತೋರಿಸುವ ಎಡೆ ಕೊಡಬೇಕು. ಈ ಧರ್ಮವು ಆ ದೇಶದ ಆಟಕ್ಕೆ ಮಾತ್ರ ಸೇರಿದುದಲ್ಲ; ಉತ್ತರಪತ್ರಿಕೆಗೆ ಅಂಕ ಹಾಕುವ ಉಪಾಧ್ಯಾಯನೂ, ಅರ್ಜಿಗಳನ್ನು ಮುಂದಿಟ್ಟುಕೊಂಡ ಅಧಿಕಾರಿಯೂ, ನೆರೆಮನೆಯ ಹುಡುಗನನ್ನು ‘ಇವನಿಂದ ಏನಾದೀತು’ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವ ನಾವೂ ಅದೇ ತಕ್ಕಡಿಯನ್ನು ಹಿಡಿದವರು.

ಮೊಳಕೆಯಲ್ಲಿ ಸಿರಿಯನ್ನು ಕಾಣುವ ರೈತನು ಕಂಡೆನೆಂದು ಹೇಳಿ ಮನೆಗೆ ಹೋಗುವುದಿಲ್ಲ. ಸೊರಗಿದಂತೆ ತೋರುವ ಮೊಳಕೆಯನ್ನು ಅಂದೇ ಕಿತ್ತೆಸೆಯುವುದೂ ಇಲ್ಲ. ಸಾಲಿಗೆಲ್ಲ ನೀರು ಹಾಯಿಸಿ ಕೆಲವು ದಿನ ಕಾಯುತ್ತಾನೆ.