ಯೋಬನ ಗೆಳೆಯರು ಮತ್ತು ಮರೋಳದ ಇಗರ್ಜಿ

ತಪ್ಪು ಮಾಡದವನಿಗೆ ಬರುವ ನೋವಿಗೆ ಅರ್ಥವಿದೆಯೇ ಎಂಬ ಪ್ರಶ್ನೆಯನ್ನು ಕ್ರೈಸ್ತ ಚಿಂತಕರು ಮೊದಲಿನಿಂದಲೂ ಎತ್ತಿಕೊಂಡು ಬಂದಿದ್ದಾರೆ. ಆದರೆ ಆ ಅರ್ಥವನ್ನು ನೊಂದವನೇ ಕಂಡುಕೊಳ್ಳಬೇಕೋ ಅಥವಾ ಪಕ್ಕದಲ್ಲಿ ನಿಂತವರೂ ಹೇಳಬಹುದೋ ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ಇದೆ. ಬೈಬಲಿನ ಹಳೆಯ ಒಡಂಬಡಿಕೆಗೆ ಸೇರಿದ ಯೋಬನ ಗ್ರಂಥ ಸಾಗುವುದು ಈ ಎರಡನೆಯ ಪ್ರಶ್ನೆಯ ಜಾಡಿನಲ್ಲಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತಿರುತ್ತಾರೆ; ಬಾಯಿ ತೆರೆದ ಮೇಲೆ ಅವರು ಉದ್ದಕ್ಕೂ ಹೇಳುವುದು ನಮ್ಮವರು ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುತ್ತಾರಲ್ಲ, ಅದನ್ನೇ. ಗ್ರಂಥದ ಕೊನೆಯಲ್ಲಿ ದೇವರು ಮೆಚ್ಚುವುದು ತನ್ನ ಪರವಾಗಿ ವಾದಿಸಿದ ಈ ಮೂವರನ್ನಲ್ಲ, ತನ್ನ ಮೇಲೆಯೇ ದೂರು ಹೊರಿಸಿದ ಯೋಬನನ್ನು. ಹುಟ್ಟುಕುರುಡನೊಬ್ಬನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ವಿಚಾರಿಸಿದಾಗ, ಯೇಸು ಅವನ ಮೇಲೂ ಅವನ ಹೆತ್ತವರ ಮೇಲೂ ತಪ್ಪು ಹೊರಿಸಲು ಒಪ್ಪಲಿಲ್ಲವೆಂದು ಯೋಹಾನನ ಸುವಾರ್ತೆ ಹೇಳುತ್ತದೆ.

ಪುಸ್ತಕದ ಈ ಮಾತು ನೆಲದ ಮೇಲೆ ಹೇಗೆ ಬದುಕಿತು ಎಂಬುದನ್ನು ನೋಡಲು ಮುಂಬಯಿಯ ಉಪನಗರಗಳು ತಕ್ಕ ಜಾಗ. ಪವಾಯಿಗೆ ಸಮೀಪದ ಸೀಪ್ಜ್ ಎಂಬ ರಫ್ತು ವಲಯದ ಆವರಣದೊಳಗೆ, ಆಭರಣ ಮತ್ತು ಸಾಫ್ಟ್‌ವೇರ್ ಘಟಕಗಳ ನಡುವೆ, ಸ್ನಾನಿಕ ಯೋಹಾನನ ಹೆಸರಿನ ಒಂದು ಪಾಳುಬಿದ್ದ ಇಗರ್ಜಿ ಇದೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಜೆಸ್ವಿಟರು, ಎಂದರೆ ಯೇಸುಸಭೆಯ ಪಾದ್ರಿಗಳು, ಅದನ್ನು 1579ರಲ್ಲಿ ಕಟ್ಟಿಸಿದರು. 1840ರ ವೇಳೆಗೆ ಸಾಂಕ್ರಾಮಿಕ ರೋಗವೊಂದು ಊರನ್ನು ಹಾಳುಗೆಡವಿದ್ದರಿಂದ ಭಕ್ತರು ಆ ಜಾಗವನ್ನೇ ತೊರೆದು ಹತ್ತಿರದ ಮರೋಳದಲ್ಲಿ ಹೊಸ ಇಗರ್ಜಿ ಕಟ್ಟಿಕೊಂಡರು. ಹೋಗುವಾಗ ಅವರು ಹಳೆಯ ಕಂಬಗಳನ್ನು, ಸಂತರ ಪ್ರತಿಮೆಗಳನ್ನು, ಜ್ಞಾನಸ್ನಾನದ ತೊಟ್ಟಿಯನ್ನು ಜೊತೆಗೆ ಒಯ್ದರು. ಜ್ಞಾನಸ್ನಾನವೆಂದರೆ ಮಗುವನ್ನು ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ. ಸತ್ತವರನ್ನು ಹೂತು ಹೊರಟ ಜನ ಇನ್ನೂ ಹುಟ್ಟಬೇಕಾದ ಮಕ್ಕಳಿಗೆ ಬೇಕಾಗುವ ಕಲ್ಲಿನ ತೊಟ್ಟಿಯೊಂದನ್ನು ಹೊತ್ತುಕೊಂಡು ಹೋದರೆಂಬುದು, ನೋವಿನ ಕುರಿತು ಬರೆದ ಎಷ್ಟೋ ಪ್ರೌಢ ಗ್ರಂಥಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಆ ರೋಗ ಯಾಕೆ ಬಂತೆಂಬುದಕ್ಕೆ ಅವರಲ್ಲಿ ಉತ್ತರವಿದ್ದಿರಲಾರದು. ನಂಬಿಕೆ ಮುಂದುವರಿಯಲು ಆ ಉತ್ತರ ಬೇಕೇಬೇಕೆಂದೂ ಅವರಿಗೆ ಅನ್ನಿಸಿರಲಾರದು. ಅವರ ವಂಶದವರು ಮೇ ತಿಂಗಳಲ್ಲಿ ವರ್ಷಕ್ಕೊಮ್ಮೆ ಆ ಚಾವಣಿಯಿಲ್ಲದ ಗೋಡೆಗಳ ನಡುವೆ ಬಲಿಪೂಜೆಗೆ, ಎಂದರೆ ಕಥೋಲಿಕರ ಮುಖ್ಯ ಆರಾಧನೆಗೆ, ಸೇರುವ ಪದ್ಧತಿ ಇದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಶಿಯೊ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದ ಮೇಲೆ ನಗರ ಮತ್ತೆ ಅದೇ ಪರೀಕ್ಷೆಗೆ ಸಿಕ್ಕಿತು. ಸಾಷ್ಟಿ ಮತ್ತು ಮುಂಬಯಿ ದ್ವೀಪಗಳ ಮೂಲ ಕಥೋಲಿಕರು, 1887ರಿಂದ ‘ಈಸ್ಟ್ ಇಂಡಿಯನ್’ ಎಂಬ ಹೆಸರಿನಿಂದ ಸಂಘಟಿತರಾದವರು, ಬಾಂದ್ರಾ, ಗಿರಗಾಂವ್ ಮೊದಲಾದ ಕಡೆ ಬೀದಿಯ ತಿರುವುಗಳಲ್ಲಿ ಶಿಲುಬೆಗಳನ್ನು ನಿಲ್ಲಿಸಿದರು. ಅವುಗಳಿಗೆ ಪ್ಲೇಗ್ ಶಿಲುಬೆ ಎಂಬ ಹೆಸರೇ ಉಳಿದಿದೆ. ರೋಗ ತಮ್ಮ ಬೀದಿಗೆ ಕಾಲಿಡದಿರಲೆಂಬ ಭಯವೇ ಮೊದಲು ಅವನ್ನು ನೆಡಿಸಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಆ ಭಾಗದ ಹಳೆಯ ಕಲ್ಲಿನ ಶಿಲುಬೆಗಳ ಹತ್ತಿರ ಹೋಗಿ ನೋಡಿದರೆ ಮೊಳೆಗಳು, ಸುತ್ತಿಗೆ, ಏಣಿ, ಈಟಿ, ಮುಳ್ಳಿನ ಕಿರೀಟ, ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದದ್ದನ್ನು ನೆನಪಿಸುವ ಹುಂಜ, ಹೀಗೆ ಯೇಸುವಿನ ಯಾತನೆಯ ಒಂದೊಂದು ಗುರುತನ್ನೂ ಕೆತ್ತಿರುವುದು ಕಾಣುತ್ತದೆ. ಇಲ್ಲಿ ರಕ್ಷಣೆ ಬೇಡಿದ್ದು ನೋವು ತಟ್ಟದ ದೇವರಲ್ಲಿ ಅಲ್ಲ. ಗೆತ್ಸೆಮನೆ ತೋಟದಲ್ಲಿ ತನ್ನ ಪಾಲಿನ ಕಷ್ಟ ತಪ್ಪಲೆಂದು ತಾನೇ ಬೇಡಿಕೊಂಡು, ಶಿಲುಬೆಯ ಮೇಲೆ ದೇವರೂ ಕೈಬಿಟ್ಟನೆಂದು ಕೂಗಿದವನಲ್ಲಿ. ಕ್ರೈಸ್ತರಿಗೆ ನೋವಿನಲ್ಲಿ ಅರ್ಥ ಸಿಗುವುದಾದರೆ ಅದು ನೋವಿನ ಕಾರಣದಿಂದಲ್ಲ, ಆ ನೋವಿನೊಳಗೆ ದೇವರೂ ಇದ್ದಾನೆಂಬ ನಂಬಿಕೆಯಿಂದ.

ಈ ನಂಬಿಕೆ ದುರುಪಯೋಗಕ್ಕೆ ಒಳಗಾಗದೆ ಉಳಿದಿಲ್ಲ. ಕ್ರಿಸ್ತನ ಯಾತನೆಯಲ್ಲಿ ಇನ್ನೂ ಉಳಿದಿರುವ ಪಾಲನ್ನು ತನ್ನ ದೇಹದಲ್ಲಿ ಪೂರ್ಣಗೊಳಿಸುತ್ತಿರುವುದಾಗಿ ಆದಿ ಕ್ರೈಸ್ತ ಪ್ರಚಾರಕ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ; ಅದು ಆತ ತನ್ನ ಸೆರೆವಾಸದ ಬಗ್ಗೆ ಆಡಿದ ಮಾತು. ಅದೇ ಮಾತನ್ನು ಉಳ್ಳವರು ಬಡವರಿಗೆ, ಗಂಡನ ಹೊಡೆತ ತಿನ್ನುವ ಹೆಣ್ಣಿಗೆ, ಕೂಲಿ ಸಿಗದ ಆಳಿಗೆ ಬೋಧಿಸತೊಡಗಿದರೆ ಯೋಬನ ಗೆಳೆಯರು ಮತ್ತೆ ಬಾಯಿ ತೆರೆದಂತಾಗುತ್ತದೆ. ಗುಂಡೇಟು ತಿಂದು ಬದುಕುಳಿದ ಪೋಪ್ ಎರಡನೆಯ ಜಾನ್ ಪೌಲ್ ಅವರು 1984ರ ಫೆಬ್ರುವರಿ 11ರಂದು ಯಾತನೆಯ ಅರ್ಥವನ್ನು ಕುರಿತು ಹೊರಡಿಸಿದ ಪತ್ರ ಪೌಲನ ಇದೇ ಮಾತಿನಿಂದ ಆರಂಭವಾದರೂ, ಕೊನೆಯ ಭಾಗದಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ ಸಮಾರ್ಯದವನ ಕಥೆಗೆ ತಿರುಗುತ್ತದೆ. ಈ ತಿರುವು ಸರಿಯಾದುದು: ತನ್ನ ನೋವಿಗೆ ಅರ್ಥ ಹುಡುಕುವುದು ನೊಂದವನ ಹಕ್ಕಾದರೆ, ಪಕ್ಕದವನಿಗೆ ಉಳಿಯುವುದು ಆರೈಕೆಯ ಕೆಲಸ.

ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಹಂಚಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದು, ಪ್ಲೇಗ್ ಆ ಊರಿಗೂ ಬಂದಾಗ 1902ರಲ್ಲಿ ಪ್ಲೇಗ್ ಆಸ್ಪತ್ರೆಯನ್ನು ಸ್ಥಾಪಿಸಿದ್ದು ಇಂಥ ಕೆಲಸವೇ. ಕುಷ್ಠವನ್ನು ಪಾಪದ ಗುರುತೆಂದು ನಂಬಿದ್ದ ಕಾಲದಲ್ಲಿ ಆ ರೋಗಿಗೆ ಹಾಸಿಗೆ ಹಾಸಿಕೊಟ್ಟದ್ದು ಹುಟ್ಟುಕುರುಡನ ವಿಷಯದಲ್ಲಿ ಯೇಸು ತಳೆದ ನಿಲುವಿನ ಮುಂದುವರಿಕೆ. ರೋಗಿಯ ಹಾಸಿಗೆಯ ಬಳಿ ಇಂದು ನಿಲ್ಲುವ ಪಾದ್ರಿಗೂ ಬಂಧುವಿಗೂ ಈ ಪರಂಪರೆಯಿಂದ ಒಂದು ಕ್ರಮ ದೊರೆಯುತ್ತದೆ. ಕೀರ್ತನೆಗಳ ಗ್ರಂಥದಲ್ಲಿ, ಎಂದರೆ ಹಳೆಯ ಒಡಂಬಡಿಕೆಯ ಪ್ರಾರ್ಥನಾ ಗೀತೆಗಳ ಸಂಗ್ರಹದಲ್ಲಿ, ದೇವರನ್ನು ಎಷ್ಟು ಕಾಲ ಹೀಗೆಂದು ನೇರವಾಗಿ ಕೇಳುವ ವಿಲಾಪಗಳು ಬಹಳಷ್ಟಿವೆ. ಅವನ್ನು ರೋಗಿಯ ಜೊತೆ ಸೇರಿ ಓದಬಹುದು, ಏಕೆಂದರೆ ಅಲ್ಲಿರುವುದು ಅವನದೇ ದೂರು. ಕೊಲೊಸ್ಸೆಯವರಿಗೆ ಬರೆದ ಮಾತನ್ನು ಮಾತ್ರ, ರೋಗಿ ತಾನಾಗಿ ಅದನ್ನು ಎತ್ತುವವರೆಗೆ, ಯಾರೂ ಅವನ ಮುಂದೆ ಇಡಬಾರದು.