ಬೀಸುವ ಕಲ್ಲೂ ಊರ ಗಿರಣಿಯೂ

ಕಷ್ಟದ ಕೆಲಸವು ಹಗುರವಾದಾಗ ನೆರೆಹೊರೆಯವರ ಕಟ್ಟು ಸಡಿಲವಾಗುತ್ತದೋ, ಇಲ್ಲವೆ ಗಟ್ಟಿಯಾಗುತ್ತದೋ? ಇದು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ಹಳ್ಳಿಗಳಲ್ಲಿ ಜೋಳದ ಡಬ್ಬಿಯನ್ನು ಹೊತ್ತು ಹಿಟ್ಟಿನ ಗಿರಣಿಗೆ ಹೋಗುವ ಪ್ರತಿಯೊಬ್ಬರೂ ಇದನ್ನು ವಿಚಾರಿಸತಕ್ಕದ್ದೆಂದು ನಮಗೆ ತೋರುತ್ತದೆ.

ಗಿರಣಿಗೆ ಮುಂಚೆ ಬೀಸುವ ಕಲ್ಲು ಇತ್ತು. ಕಿತ್ತೂರಿನಲ್ಲಿ 1824ರ ಯುದ್ಧದ ತನಕ ದೇಸಾಯಿಗಳು ಆಳಿದರು. ಬೈಲಹೊಂಗಲವೂ ಸವದತ್ತಿಯೂ ಮುಂಬಯಿ ಇಲಾಖೆಗೆ ಸೇರಿದವು. ರಾಮದುರ್ಗವು 1948ರ ವರೆಗೆ ಬೇರೆ ಸಂಸ್ಥಾನವಾಗಿತ್ತು. ಒಡೆಯರು ಬೇರೆಬೇರೆಯಾಗಿದ್ದರೂ ಕೋಳಿ ಕೂಗುವ ಹೊತ್ತಿಗೆ ಮನೆಮನೆಯಲ್ಲಿ ಕೇಳುತ್ತಿದ್ದ ಸದ್ದು ಒಂದೇ. ಕೆಳಗಿನ ಕಲ್ಲು ಕದಲದು. ಮೇಲಿನ ಕಲ್ಲಿನ ಬಾಯಿಗೆ ಒಂದು ಕೈ ಜೋಳವನ್ನು ಹಾಕುವದು, ಇನ್ನೊಂದು ಕೈ ಗೂಟವನ್ನು ಹಿಡಿದು ತಿರುಗಿಸುವದು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ, ತಟ್ಟುವಾಗಲೇ ರೊಟ್ಟಿ ಬಿರಿಯುವದು. ಆದಕಾರಣ ತಿಂಗಳಿಗೆ ಬೇಕಾದದ್ದನ್ನು ಒಮ್ಮೆಗೇ ಬೀಸಿಡುವ ಹಾಗಿರಲಿಲ್ಲ. ಮಳೆಯಾಗಲಿ ಜ್ವರವಾಗಲಿ, ಹೆಂಗಸು ಕಲ್ಲಿನ ಮುಂದೆ ಕೂತುಕೊಳ್ಳಲೇ ಬೇಕಾಗಿತ್ತು. ಕಲ್ಲು ನಿಂತರೆ ಒಲೆಯೂ ನಿಲ್ಲುವದು. ಇದನ್ನರಿತೇ ಮೋಶೆಯ ಧರ್ಮಶಾಸ್ತ್ರವು ಸಾಲಗಾರನ ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದೆಂದು ವಿಧಿಸಿತು. ಯಾಕಂದರೆ ಬಡವನ ಪ್ರಾಣವು ಆ ಕಲ್ಲಿನಲ್ಲಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಯ ಇಂಜಿನ್ನು ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿ ರೈತರ ಕೈಗೆ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1946ರಲ್ಲಿ ಅವರ ಮನೆತನದವರು ಪುಣೆಯಲ್ಲಿ ಎಣ್ಣೆ ಇಂಜಿನ್ನುಗಳ ಕಂಪನಿಯನ್ನು ಸ್ಥಾಪಿಸಿದರು. ಇಂಥ ಇಂಜಿನ್ನುಗಳು ಹಳ್ಳಿಗಳಲ್ಲಿ ಬಾವಿಯ ನೀರನ್ನು ಎತ್ತಿದವು, ಹಿಟ್ಟನ್ನೂ ಬೀಸಿದವು. ತರುವಾಯ ವಿದ್ಯುತ್ತು ಬಂದು ಇಂಜಿನ್ನಿನ ಕೆಲಸವನ್ನು ತೆಗೆದುಕೊಂಡಿತು. ಒಂದು ಮನೆಯ ಬೆಳಗಿನ ದುಡಿಮೆಯು ಕೆಲವು ನಿಮಿಷಗಳಲ್ಲಿ ಮುಗಿಯುವದಾಯಿತು.

ಇದರಿಂದ ಹಾನಿಯಾಯಿತೆಂದು ಹೇಳುವವರುಂಟು. ಅತ್ತೆ ಸೊಸೆಯರು ಎದುರುಬದುರಾಗಿ ಕೂತು ಹಾಡುತ್ತಿದ್ದ ಪದಗಳು ಹೋದವು, ಮೈಯ ಬಲವೂ ಹೋಯಿತು ಎನ್ನುತ್ತಾರೆ. ಪದಗಳು ಅಮೂಲ್ಯವಾದವುಗಳೆಂಬದು ನಿಜವೇ. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಪ್ರಕಟಿಸದಿದ್ದರೆ ನಾಡಿಗೆ ದೊಡ್ಡ ನಷ್ಟವಾಗುತ್ತಿತ್ತು. ಆದರೂ ಹಾಡು ಭಾರವನ್ನು ಹೊರುವದಕ್ಕೆ ಒಂದು ಉಪಾಯವಾಗಿತ್ತೇ ಹೊರತು, ಭಾರವಿರಲಿಲ್ಲವೆಂಬದಕ್ಕೆ ಸಾಕ್ಷಿಯಲ್ಲ. ಕಲ್ಲನ್ನು ಹೊಗಳುವವರಲ್ಲಿ ಅದನ್ನು ತಿರುಗಿಸಿದವರು ಎಷ್ಟು ಮಂದಿ? ಇನ್ನೊಬ್ಬರ ರಟ್ಟೆಯ ನೋವನ್ನು ನಮ್ಮ ಕಿವಿಯ ಸುಖಕ್ಕಾಗಿ ಉಳಿಸಿಕೊಳ್ಳುವದು ನ್ಯಾಯವಲ್ಲ.

ಇದಲ್ಲದೆ ಬೀಸುವ ಕಲ್ಲು ಆಯಾ ಮನೆಯ ಗೋಡೆಯೊಳಗೆ ತಿರುಗುತ್ತಿತ್ತು. ಒಬ್ಬರ ಹಿಟ್ಟು ಇನ್ನೊಬ್ಬರ ಹಿಟ್ಟನ್ನು ಮುಟ್ಟುತ್ತಿರಲಿಲ್ಲ. ಗಿರಣಿಯಲ್ಲಿ ಹಾಗಲ್ಲ. ಮುಂದಿನವರ ಕಾಳು ಮುಗಿದರೂ ಒಂದಿಷ್ಟು ಹಿಟ್ಟು ಕಲ್ಲುಗಳ ನಡುವೆ ಉಳಿದು, ಹಿಂದೆ ಬಂದವರ ಹಿಟ್ಟಿನೊಂದಿಗೆ ಬೀಳುವದು. ಆದಕಾರಣವೇ ಜೋಳದವರು ಮೆಣಸಿನಕಾಯಿಯವರ ಹಿಂದೆ ನಿಲ್ಲುವದಿಲ್ಲ. ಊರಿನ ಪ್ರತಿಯೊಂದು ರೊಟ್ಟಿಯಲ್ಲಿ ನೆರೆಯವನ ಹೊಲದ ಚಿಟಿಕೆ ಹಿಟ್ಟಾದರೂ ಇದ್ದೇ ಇರುತ್ತದೆ. ಜೊತೆಯಲ್ಲಿ ಉಣ್ಣುವದಿಲ್ಲವೆಂದು ಹಟಮಾಡುವವರೂ ತಿಳಿಯದೆ ಒಬ್ಬರದನ್ನೊಬ್ಬರು ಉಣ್ಣುತ್ತಾರೆ.

ಇಷ್ಟಾದರೂ ಯಂತ್ರವು ತಾನಾಗಿ ಮನುಷ್ಯರನ್ನು ಕೂಡಿಸಲಾರದು. ಅಸ್ಪೃಶ್ಯತೆಯು 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 17ನೆಯ ವಿಧಿಯಿಂದ ರದ್ದಾಯಿತು. ಅದನ್ನು ಆಚರಿಸುವವರನ್ನು ಶಿಕ್ಷಿಸುವ ಕಾಯಿದೆ 1955ರಲ್ಲಿ ಬಂತು. ಹೀಗಿದ್ದರೂ 2016ರಲ್ಲಿ ಉತ್ತರಾಖಂಡದ ಬಾಗೇಶ್ವರ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಗಿರಣಿಯನ್ನು ಮೈಲಿಗೆ ಮಾಡಿದನೆಂದು ಒಬ್ಬ ದಲಿತನನ್ನು ಕೊಂದುಹಾಕಿದರು. ಕಲ್ಲು ಎಲ್ಲರ ಕಾಳನ್ನೂ ಒಂದೇ ರೀತಿಯಲ್ಲಿ ಬೀಸಿತು. ಮನುಷ್ಯನು ಕಲ್ಲಿಗಿಂತ ಕಠಿಣನಾದನು. ಇದು ದೂರದ ಸೀಮೆಯ ಮಾತೆಂದು ನಾವು ಸುಮ್ಮನಿರಬಾರದು. ಯಾರ ಡಬ್ಬಿಯನ್ನು ಹೊರಗೆ ಇಡಿಸುತ್ತಾರೆ, ಯಾರನ್ನು ಕಡೆಯ ವರೆಗೆ ಕಾಯಿಸುತ್ತಾರೆ ಎಂಬದನ್ನು ನಮ್ಮ ನಮ್ಮ ಊರಲ್ಲಿಯೂ ಕಣ್ಣುತೆರೆದು ನೋಡತಕ್ಕದ್ದು.

ಆದಕಾರಣ ಮೇಲಿನ ಪ್ರಶ್ನೆಗೆ ನಮ್ಮ ಉತ್ತರವೇನಂದರೆ, ಗಿರಣಿಯು ಕಟ್ಟನ್ನು ಬಿಚ್ಚಲೂ ಇಲ್ಲ, ಬಿಗಿಯಲೂ ಇಲ್ಲ. ಅದು ನಮ್ಮ ಕೈಗೆ ಹೊತ್ತನ್ನು ಕೊಟ್ಟಿತು, ನಮ್ಮನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿತು. ಉಳಿದದ್ದು ನಮ್ಮ ಹೊಣೆ. ಮೊದಲನೆಯದು, ಗಿರಣಿಯವನ ತೂಕವು ಸರಿಯಾಗಿರಲಿ. ಚೀಲದವನಿಗೂ ಸೇರಿನವಳಿಗೂ ಒಂದೇ ಸರದಿ ಇರಲಿ. ಎರಡನೆಯದು, ಕೂಲಿಯಿಂದ ತಡವಾಗಿ ಬಂದವಳಿಗೆ ಮುಂದಿನವರು ಜಾಗ ಬಿಡಲಿ. ಆಕೆಯ ಮಕ್ಕಳು ಹಸಿದು ಕಾದಿರುತ್ತಾರೆ. ಮೂರನೆಯದು, ಉಳಿದ ಹೊತ್ತು ಅದನ್ನು ಗಳಿಸಿದವರಿಗೇ ಸಿಕ್ಕಲಿ. ತಾಯಿಯ ಕೈಯಿಂದ ಕಲ್ಲಿನ ಗೂಟವನ್ನು ಬಿಡಿಸಿ ಮಗಳ ತಲೆಗೆ ಇನ್ನೊಂದು ಹೊರೆಯನ್ನು ಹೊರಿಸಿದರೆ ಲಾಭವೇನು? ಆ ಹೊತ್ತಿನಲ್ಲಿ ಮಗಳು ಓದಲಿ, ತಾಯಿ ವಿಶ್ರಮಿಸಲಿ.

ಈಗ ಉಳ್ಳವರು ಮನೆಯೊಳಗೇ ವಿದ್ಯುತ್ತಿನ ಸಣ್ಣ ಗಿರಣಿಯನ್ನು ಇಟ್ಟುಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ಊರ ಗಿರಣಿಯು ಬಡವರಿಗೆ ಮಾತ್ರ ಉಳಿದರೆ, ಅದರ ತೂಕವನ್ನೂ ಸರದಿಯನ್ನೂ ಕೇಳುವವರು ಯಾರು? ತನ್ನ ರೊಟ್ಟಿಗೆ ಬೇಡವಾದ ಗಿರಣಿಯ ನ್ಯಾಯವನ್ನೂ ತನ್ನದೆಂದು ಎಣಿಸುವವನೇ ನಿಜವಾದ ನೆರೆಯವನು.